ಬೇರು ಬಂತು, ಕುಡಿ ಬರಲಿಲ್ಲ

ರಬ್ಬರ್ ಗಿಡದ ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು, ನೀರು ತುಂಬಿದ ಬಾಟಲಿಗೆ ಇಳಿಬಿಡಿ. ಕೆಲವು ವಾರಗಳಲ್ಲಿ ತೊಟ್ಟಿನ ತುದಿಯಲ್ಲಿ ಬಿಳಿ ಬೇರು ಇಣುಕುತ್ತದೆ. ಆಮೇಲೆ ಅದು ಕವಲೊಡೆದು ಬಾಟಲಿಯ ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಇನ್ನೇನು ಗಿಡ ಆಯಿತೆಂದು ಕುಂಡಕ್ಕೆ ನೆಟ್ಟು ಕಾಯುತ್ತೇವೆ. ಎಲೆ ಬಾಡುವುದಿಲ್ಲ, ಉದುರುವುದಿಲ್ಲ, ವರ್ಷ ಕಳೆದರೂ ಹಸಿರಾಗಿಯೇ ನಿಂತಿರುತ್ತದೆ. ಎರಡನೆಯ ಎಲೆ ಮಾತ್ರ ಬರುವುದಿಲ್ಲ. ಮಣ್ಣು ಬದಲಿಸಿದ್ದಾಯಿತು, ಕಿಟಕಿ ಬದಲಿಸಿದ್ದಾಯಿತು, ಗೊಬ್ಬರದಂಗಡಿಯವರು ಹೇಳಿದ್ದನ್ನೆಲ್ಲ ಸುರಿದದ್ದೂ ಆಯಿತು. ಒಂದೇ ಎಲೆ.

ಅದೇ ರಬ್ಬರ್ ಗಿಡದ ದಾಯಾದಿಯಾದ ಆಲದ ಮರದ್ದು ಬೇರೆಯೇ ಕಥೆ. ತೋಳು ದಪ್ಪದ ಕೊಂಬೆಯನ್ನು ಕಡಿದು, ಎಲೆಗಳನ್ನೆಲ್ಲ ಸವರಿ, ಮುಂಗಾರಿನ ಹೊತ್ತಿಗೆ ನೆಲದಲ್ಲಿ ಹೂತರೆ ಅದು ಚಿಗುರುತ್ತದೆ. ಹಿಂದೆ ಸಾಲುಮರ ಬೆಳೆಸುವವರು ಸಸಿಗಿಂತ ಆಳೆತ್ತರದ ಇಂಥ ಗೂಟಗಳನ್ನೇ ಮೆಚ್ಚುತ್ತಿದ್ದರು. ಚಿಗುರು ಎತ್ತರದಲ್ಲಿ ಒಡೆಯುವುದರಿಂದ ಆಡುಗಳ ಬಾಯಿಗೆ ಎಟುಕುತ್ತಿರಲಿಲ್ಲ. ಮಾವಿನ ಕೊಂಬೆಯನ್ನು ಹೀಗೆ ನೆಟ್ಟವರಿಗೆ ಸಿಗುವುದು ಸೌದೆ.

ಎಲೆಗೆ ಬೇರು ಬಂದರೂ ಗಿಡವಾಗಲಿಲ್ಲ. ಎಲೆಯೇ ಇಲ್ಲದ ಗೂಟ ಮರವಾಯಿತು. ಈ ತಿರುವುಮುರುವು ಅರ್ಥವಾದರೆ ಮನೆಯೊಳಗೆ ಆಲದ ಬಳಗದ ಗಿಡಗಳನ್ನು ಸಾಕುವ, ಒಂದನ್ನು ನಾಲ್ಕು ಮಾಡುವ ಕೆಲಸ ಮುಕ್ಕಾಲು ಪಾಲು ಕೈಗೆ ಬಂದಂತೆ.

ಮರದ ಮೇಲೆ ಹುಟ್ಟುವ ಮರಗಳು

ನರ್ಸರಿಯವರು ಮನೆಯೊಳಗಿನ ಗಿಡಗಳೆಂದು ಮಾರುವ ರಬ್ಬರ್ ಗಿಡ, ಪಿಟೀಲಿನ ಆಕಾರದ ದೊಡ್ಡ ಎಲೆಯ ಫಿಡಲ್ ಲೀಫ್, ಜೋಲು ಕೊಂಬೆಯ ಬೆಂಜಮಿನಾ, ಬೋನ್ಸಾಯ್ ಅಂಗಡಿಯ ಡೊಳ್ಳುಹೊಟ್ಟೆಯ ಮೈಕ್ರೋಕಾರ್ಪ ಇವೆಲ್ಲ ಫೈಕಸ್ ಕುಲಕ್ಕೆ ಸೇರಿದವು. ನಮ್ಮ ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮರಗಳದ್ದೂ ಅದೇ ಕುಲ. ಒಟ್ಟು ಎಂಟುನೂರರ ಆಸುಪಾಸಿನ ಜಾತಿಗಳು, ಬಹುತೇಕ ಎಲ್ಲವೂ ಉಷ್ಣವಲಯದವು. ರಬ್ಬರ್ ಗಿಡದ ತವರು ಈಶಾನ್ಯ ಭಾರತದಿಂದ ಮಲೇಷ್ಯಾ, ಇಂಡೋನೇಷ್ಯಾವರೆಗಿನ ಕಾಡು. ಫಿಡಲ್ ಲೀಫ್ ಪಶ್ಚಿಮ ಆಫ್ರಿಕಾದ್ದು. ಕಾಡಿನಲ್ಲಿ ಇವು ಕುಂಡದ ಗಿಡಗಳಲ್ಲ. ಇಪ್ಪತ್ತು ಮೂವತ್ತು ಮೀಟರ್ ಎತ್ತರದ ಮರಗಳು.

ಇವುಗಳಲ್ಲಿ ಅನೇಕವು ಬದುಕು ಆರಂಭಿಸುವುದು ನೆಲದಲ್ಲಲ್ಲ. ಹಣ್ಣು ತಿಂದ ಹಕ್ಕಿ ಹಿಕ್ಕೆಯೊಂದಿಗೆ ಬೀಜವನ್ನು ಯಾವುದೋ ಮರದ ಕವಲಿನಲ್ಲಿ ಬಿಟ್ಟು ಹೋಗುತ್ತದೆ. ಹಳೆಯ ಕಟ್ಟಡದ ಬಿರುಕಿನಲ್ಲಿ ಅರಳಿ ಹುಟ್ಟುವುದೂ ಇದೇ ದಾರಿಯಲ್ಲಿ. ಕವಲಿನಲ್ಲಿ ಹಿಡಿ ಕಸಕಡ್ಡಿ, ಒಂದಿಷ್ಟು ಪಾಚಿ ಬಿಟ್ಟರೆ ಮಣ್ಣಿಲ್ಲ. ಬದುಕಬೇಕೆಂದರೆ ಕಾಂಡದಿಂದಲೇ ಬೇರು ಹೊರಡಿಸಿ ಹತ್ತಾರು ಅಡಿ ಕೆಳಗಿನ ನೆಲಕ್ಕೆ ಇಳಿಸಬೇಕು. ಬೀಜದಿಂದ ಬಂದ ಮೊದಲ ಬೇರನ್ನು ನೆಚ್ಚಿಕೊಂಡು ಕೂತವು ಆ ಕವಲಿನಲ್ಲೇ ಒಣಗಿದವು. ಕಾಂಡದ ಎಲ್ಲೆಂದರಲ್ಲಿ ಬೇರು ಬಿಡಬಲ್ಲವು ಉಳಿದವು, ಸಂತಾನ ಬೆಳೆಸಿದವು. ಹೀಗೆ ಬೇರಿನ ಜಾಗವಲ್ಲದ ಜಾಗದಲ್ಲಿ ಹುಟ್ಟುವ ಬೇರಿಗೆ ಆಗಂತುಕ ಬೇರು ಎನ್ನೋಣ. ಆಲದ ಬಿಳಲು ಅದರ ಅತಿ ದೊಡ್ಡ ಮಾದರಿ.

ಬೆಂಗಳೂರಿನ ಹೊರಗೆ ಕೇತೋಹಳ್ಳಿಯ ದೊಡ್ಡಾಲದ ಮರ ಸುಮಾರು 3 ಎಕರೆ ಹರಡಿಕೊಂಡಿದೆ. ಅದರ ಮೂಲ ಕಾಂಡ ಈಗಿಲ್ಲ. ಬಿಳಲುಗಳೇ ಕಾಂಡವಾಗಿ ಹೊತ್ತು ನಿಂತಿವೆ. ಹೌರಾದ ಸಸ್ಯೋದ್ಯಾನದ ಮಹಾ ಆಲದ ನಡುಗಾಂಡಕ್ಕೆ ಶಿಲೀಂಧ್ರ ಹತ್ತಿ, 1925ರಲ್ಲಿ ಅದನ್ನು ಕಡಿದು ತೆಗೆದರು. ಮರಕ್ಕೆ ಏನೂ ಆಗಲಿಲ್ಲ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಜನ ಹಳ್ಳಗಳ ಮೇಲೆ ಜೀವಂತ ಸೇತುವೆ ಕಟ್ಟುವುದು ರಬ್ಬರ್ ಮರದ ಬೇರುಗಳಿಂದ. ನೊಂಗ್ರಿಯಾಟ್ ಹಳ್ಳಿಯಲ್ಲಿ ಅಂಥದ್ದೊಂದು ಎರಡು ಅಂತಸ್ತಿನ ಸೇತುವೆಯೇ ಇದೆ. ಹಾಲ್‌ನ ಸೋಫಾ ಪಕ್ಕ ನಿಂತಿರುವ ಗಿಡ ಆ ಸೇತುವೆಯ ಜಾತಿಯದ್ದೇ.

ಕಣಜವಿಲ್ಲದೆ ಬೀಜವಿಲ್ಲ

ಬೀಜ ಬಿತ್ತಿ ಯಾಕೆ ಬೆಳೆಸಬಾರದು? ಅತ್ತಿಹಣ್ಣು ಬಿಡಿಸಿದರೆ ಹುಳ ಇರುತ್ತದೆಂದು ಎಲ್ಲರಿಗೂ ಗೊತ್ತು. ಆ ಹುಳಗಳಲ್ಲಿ ಒಂದು ಬಗೆಯ ಪುಟ್ಟ ಕಣಜಗಳು ಹಣ್ಣಿನೊಳಗೆ ಅಡಗಿರುವ ಹೂಗಳಿಗೆ ಪರಾಗ ತಲುಪಿಸುತ್ತವೆ. ಸಾಮಾನ್ಯವಾಗಿ ಒಂದೊಂದು ಫೈಕಸ್ ಜಾತಿಗೆ ಅದರದ್ದೇ ಕಣಜ. ಕಣಜವಿಲ್ಲದ ಊರಿನಲ್ಲಿ ಮರ ಕಾಯಿ ಬಿಟ್ಟರೂ ಮೊಳೆಯುವ ಬೀಜವಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಅಂದಕ್ಕೆಂದು ನೆಟ್ಟ ಮೈಕ್ರೋಕಾರ್ಪ ಮರಗಳು ಬಹಳ ಕಾಲ ಬಂಜೆಯಾಗಿದ್ದವು. ಅವುಗಳ ಕಣಜ ಹೇಗೋ ಅಲ್ಲಿಗೆ ಬಂದು ಸೇರಿದ ಮೇಲೆ ಸೇತುವೆ, ಗೋಡೆ, ತಾಳೆಮರ ಎನ್ನದೆ ಸಸಿಗಳು ಎದ್ದು, ಈಗ ಅಲ್ಲಿ ಅದೊಂದು ಕಳೆ.

ಮನೆಯೊಳಗಿನ ಗಿಡಕ್ಕಂತೂ ಹಣ್ಣಿನ ಮಾತೇ ಇಲ್ಲ. ಹೀಗಾಗಿ ಪ್ರಪಂಚದ ಡ್ರಾಯಿಂಗ್ ರೂಮುಗಳಲ್ಲಿರುವ ರಬ್ಬರ್ ಗಿಡಗಳು ಬಹುಪಾಲು ಕೆಲವೇ ತಾಯಿಗಿಡಗಳ ತುಂಡುಗಳು. ಇದೇನೂ ಹೊಸ ವಿದ್ಯೆಯಲ್ಲ. ಶ್ರೀಲಂಕಾದ ಅನುರಾಧಪುರದಲ್ಲಿರುವ ಅರಳಿಮರ, ಅಶೋಕನ ಮಗಳು ಸಂಘಮಿತ್ರೆ ಕ್ರಿ.ಪೂ. 3ನೇ ಶತಮಾನದಲ್ಲಿ ಬೋಧಗಯೆಯ ಮರದಿಂದ ಒಯ್ದ ಕೊಂಬೆಯಿಂದ ಬಂದದ್ದೆಂದು ಸಿಂಹಳದ ಬೌದ್ಧ ಪರಂಪರೆ ಹೇಳುತ್ತದೆ. ಮನುಷ್ಯರು ನೆಟ್ಟ, ನೆಟ್ಟ ಕಾಲ ದಾಖಲಾಗಿರುವ ಮರಗಳಲ್ಲಿ ಅತಿ ಹಳೆಯದೆಂದು ಅದನ್ನು ಗಣಿಸುತ್ತಾರೆ. ಇಪ್ಪತ್ತೆರಡು ಶತಮಾನಗಳನ್ನು ದಾಟಿದ ಕಡ್ಡಿ ಎನ್ನಬೇಕು.

ಒಂದು ಅಪವಾದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗಡಿಗಳಲ್ಲಿ ಜಿನ್‌ಸೆಂಗ್ ಫೈಕಸ್ ಎಂದು ಮಾರುವ ಹೊಟ್ಟೆ ಉಬ್ಬಿದ ಗಿಡ ಬೀಜದಿಂದ ಬೆಳೆಸಿದ್ದು. ಅದರ ಕೊಂಬೆ ನೆಟ್ಟರೆ ಗಿಡವೇನೋ ಸುಲಭವಾಗಿ ಬರುತ್ತದೆ. ಆ ಹೊಟ್ಟೆ ಬರುವುದಿಲ್ಲ.

ಕುಡಿಯಿಂದ ಇಳಿಯುವ ರಸ

17ನೇ ಶತಮಾನದ ಇಟಲಿಯಲ್ಲಿ ಮಾರ್ಚೆಲ್ಲೊ ಮಾಲ್ಪೀಗಿ ಎಂಬ ವೈದ್ಯ ಮರದ ಕಾಂಡದ ಸುತ್ತ ತೊಗಟೆಯನ್ನು ಬಳೆಯಾಕಾರದಲ್ಲಿ ಸುಲಿದು ನೋಡಿದ. ಸುಲಿದ ಜಾಗದ ಮೇಲಂಚು ಊದಿಕೊಂಡಿತು, ಕೆಳ ಅಂಚು ಊದಲಿಲ್ಲ. ಅಂದರೆ ತೊಗಟೆಯಲ್ಲಿ ಏನೋ ಕೆಳಮುಖವಾಗಿ ಬರುತ್ತಿದೆ. ಎಲೆಗಳು ತಯಾರಿಸಿದ ಸಕ್ಕರೆ ಆ ದಾರಿಯಲ್ಲಿ ಇಳಿಯುತ್ತದೆಂದು ಈಗ ನಮಗೆ ಗೊತ್ತು. ಆದರೆ ಬರೀ ಸಕ್ಕರೆಯಿಂದ ಬೇರು ಹುಟ್ಟದು. 19ನೇ ಶತಮಾನದಲ್ಲಿ ಜರ್ಮನಿಯ ಹರ್ಮನ್ ಫೋಕ್ಟಿಂಗ್ ವಿಲ್ಲೋ ಮರದ ಕಡ್ಡಿಗಳನ್ನು ತಲೆಕೆಳಗಾಗಿ ತೂಗುಹಾಕಿದ. ಈಗ ನೆಲದತ್ತ ಇರುವುದು ಕಡ್ಡಿಯ ತುದಿ. ಬೇರು ಅಲ್ಲಿ ಬರಬೇಕಲ್ಲ? ಬರಲಿಲ್ಲ. ಗಿಡದಲ್ಲಿದ್ದಾಗ ಯಾವುದು ಬುಡದ ಕಡೆಯಾಗಿತ್ತೋ ಅಲ್ಲೇ, ಮೇಲ್ಗಡೆಯೇ ಬೇರು ಬಂತು. ಕಡ್ಡಿಗೆ ತನ್ನ ಬುಡ ಯಾವುದು, ತಲೆ ಯಾವುದು ಎಂದು ನೆನಪಿದೆ!

ಈ ನೆನಪಿನ ಹಿಂದಿರುವ ವಸ್ತುವಿನ ಸುಳಿವು ಬೇರೆಯದೇ ದಿಕ್ಕಿನಿಂದ ಸಿಕ್ಕಿತು. ಮೊಳಕೆ ಬೆಳಕಿನತ್ತ ಬಾಗುವಾಗ ತುದಿಯಿಂದ ಕೆಳಕ್ಕೆ ಏನೋ ಸೂಚನೆ ಹೋಗುತ್ತದೆಂದು ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲೇ ಬರೆದಿದ್ದರು. 1926ರ ಸುಮಾರಿಗೆ ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ತುದಿ ಕತ್ತರಿಸಿ ಅಗರ್ ಎಂಬ ಲೋಳೆಗಟ್ಟಿಯ ಮೇಲಿಟ್ಟ. ತುದಿಗಳನ್ನು ತೆಗೆದ ಮೇಲೂ ಆ ಲೋಳೆಯ ತುಂಡು ಮೊಳಕೆಯನ್ನು ಬಾಗಿಸಿತು. ತುದಿಯಿಂದ ವಸ್ತು ಲೋಳೆಗೆ ಇಳಿದಿತ್ತು. ಇದಕ್ಕೆ ಆಕ್ಸಿನ್ ಎಂದು ಹೆಸರಾಯಿತು. ಕನ್ನಡದಲ್ಲಿ ಬೆಳೆಚೋದಕ ಎನ್ನಬಹುದು. ಗಿಡದಲ್ಲಿ ಅದು ಇರುವುದು ಎಷ್ಟು ಕಡಿಮೆಯೆಂದರೆ, 1934ರಲ್ಲಿ ರಸಾಯನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ. ಕಡ್ಡಿಗೆ ಬೇರು ಬರಿಸುವ ವಸ್ತುವೂ ಇದೇ ಎಂದು ಅದರ ಬೆನ್ನಿಗೇ ತಿಳಿಯಿತು. ಮರುವರ್ಷ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಇದರ ಕೃತಕ ಸೋದರ ಇಂಡೋಲ್ ಬ್ಯುಟಿರಿಕ್ ಆಮ್ಲ ಇನ್ನೂ ಚೆನ್ನಾಗಿ ಬೇರು ತರಿಸುತ್ತದೆಂದು ಗೊತ್ತಾಯಿತು. ನರ್ಸರಿ ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುವ ಬಿಳಿ ಬೇರುಪುಡಿಯ ಜೀವಾಳ ಅದೇ. ಉಳಿದದ್ದು ಬಹುಪಾಲು ಟಾಲ್ಕ್, ಅಂದರೆ ಮುಖಕ್ಕೆ ಹಚ್ಚುವ ಪೌಡರಿನ ಕಲ್ಲುಪುಡಿ.

ಬೆಳೆಚೋದಕ ಹುಟ್ಟುವುದು ಮುಖ್ಯವಾಗಿ ಕುಡಿಯಲ್ಲಿ, ಎಳೆ ಎಲೆಗಳಲ್ಲಿ. ಅಲ್ಲಿಂದ ಅದು ಕಣದಿಂದ ಕಣಕ್ಕೆ ದಾಟುತ್ತ ಗಂಟೆಗೆ ಸುಮಾರು 1 ಸೆಂಟಿಮೀಟರ್ ವೇಗದಲ್ಲಿ ಬುಡದತ್ತ ಸಾಗುತ್ತದೆ. ಅದನ್ನು ಹೊರದಬ್ಬುವ ಬಾಗಿಲುಗಳು ಪ್ರತಿ ಕಣದ ಬುಡದ ಕಡೆ ಮಾತ್ರ ಇರುವುದರಿಂದ ದಾರಿ ಒಮ್ಮುಖ. ಫೋಕ್ಟಿಂಗ್‌ನ ಕಡ್ಡಿಗೆ ಬುಡ ನೆನಪಿದ್ದದ್ದು ಹೀಗೆ.

ಹರಿಯುವ ಕಾಲುವೆಗೆ ಅಡ್ಡಲಾಗಿ ಒಡ್ಡು ಹಾಕಿದರೆ ನೀರು ಒಡ್ಡಿನ ಮೇಲ್ಗಡೆ ತುಂಬಿ ಪಕ್ಕದ ಗದ್ದೆಗೆ ನುಗ್ಗುತ್ತದೆ. ಕೊಂಬೆಯನ್ನು ಕತ್ತರಿಸಿದಾಗ ಆಗುವುದು ಅದೇ. ಕೆಳಕ್ಕೆ ಹೋಗಲು ದಾರಿಯಿಲ್ಲದೆ ಬೆಳೆಚೋದಕ ಕಡಿತದ ಅಂಚಿನಲ್ಲಿ ಸಂಗ್ರಹವಾಗುತ್ತದೆ. ತೊಗಟೆಗೂ ಕಟ್ಟಿಗೆಗೂ ನಡುವೆ, ಮುಟ್ಟಿದರೆ ಜಾರುವ ತೆಳು ಪದರವೊಂದಿದೆ. ಕ್ಯಾಂಬಿಯಂ ಎಂದು ಕರೆಯುವ ಇದನ್ನು ಎಳೆಪದರ ಎನ್ನೋಣ. ಇದರ ಆಸುಪಾಸಿನ ಕೆಲವು ಕಣಗಳು ಮಿತಿಮೀರಿ ಸೇರಿದ ಬೆಳೆಚೋದಕದ ಪ್ರಭಾವಕ್ಕೆ ಸಿಕ್ಕಿ, ತಾವು ಮಾಡುತ್ತಿದ್ದ ಕೆಲಸ ಬಿಟ್ಟು ಮತ್ತೆ ವಿಭಜನೆಗೆ ಇಳಿಯುತ್ತವೆ. ಅವುಗಳ ಗುಂಪು ಬೇರಿನ ತುದಿಯಾಗಿ ರೂಪುಗೊಂಡು ತೊಗಟೆ ಸೀಳಿ ಹೊರಬರುತ್ತದೆ.

ಮಾವಿನ ಕೊಂಬೆಯಲ್ಲೂ ಇದೇ ಹರಿವಿದೆ, ಇದೇ ಸಂಗ್ರಹವಿದೆ. ಬಲಿತ ಮಾವಿನ ಕಣಗಳು ಅದಕ್ಕೆ ಓಗೊಡುವುದಿಲ್ಲ, ಅಷ್ಟೆ. ಎಳೆಯ ಸಸಿಯ ಕಡ್ಡಿಯಾದರೆ ಒಂದಿಷ್ಟು ಓಗೊಡುತ್ತದೆ. ಫೈಕಸ್ ಬಳಗಕ್ಕಾದರೋ ಕಾಂಡದಿಂದ ಬೇರು ಬಿಡುವುದು ಹುಟ್ಟುಬುದ್ಧಿ.

ಗೂಟಿ ಕಟ್ಟುವುದು

ಬಾಗಲಕೋಟೆ, ವಿಜಯಪುರದ ಕಡೆ ದಾಳಿಂಬೆ ಹಾಕುವವರು ಗೂಟಿ ಗಿಡ ಕೊಳ್ಳುತ್ತಾರೆ. ಕೊಂಬೆ ತಾಯಿಗಿಡದ ಮೇಲಿರುವಾಗಲೇ ಬೇರು ಬರಿಸಿ ಕತ್ತರಿಸಿದ ಗಿಡ ಅದು. ಬುಡದಲ್ಲಿ ಎಲೆ ಕಳೆದುಕೊಂಡು ಉದ್ದಕ್ಕೆ ಬೆಳೆದು ಚಾವಣಿ ಮುಟ್ಟಿರುವ ರಬ್ಬರ್ ಗಿಡಕ್ಕೂ ಫಿಡಲ್ ಲೀಫ್‌ಗೂ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಪೆನ್ಸಿಲ್‌ಗಿಂತ ದಪ್ಪನೆಯ, ಇನ್ನೂ ಪೂರ್ತಿ ಕಟ್ಟಿಗೆಯಾಗದ ಭಾಗ ಹುಡುಕಿ. ತುದಿಯಿಂದ ಒಂದು ಒಂದೂವರೆ ಅಡಿ ಕೆಳಗೆ, ಎಲೆಯ ಗಿಣ್ಣಿನ ತುಸು ಕೆಳಗಡೆ ಎರಡೂವರೆ ಸೆಂಟಿಮೀಟರ್ ಅಗಲದ ತೊಗಟೆಯನ್ನು ಬಳೆಯಾಗಿ ಸುಲಿಯಿರಿ. ಹಾಲು ಸುರಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ, ಕೆಲವರಿಗೆ ಅಲರ್ಜಿ ಸಹ, ಹಾಗಾಗಿ ಕೈಗವಸು ಇರಲಿ. ಆಮೇಲಿನ ಹೆಜ್ಜೆಯನ್ನೇ ಬಹಳ ಜನ ಬಿಟ್ಟುಬಿಡುವುದು: ತೊಗಟೆ ಸುಲಿದ ಜಾಗದಲ್ಲಿ ಉಳಿದ ಜಾರುವ ಎಳೆಪದರವನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಎಳೆಪದರ ಉಳಿದರೆ ಅದು ಕೆಲವೇ ವಾರಗಳಲ್ಲಿ ಹೊಸ ತೊಗಟೆ ನೇಯ್ದು ಗಾಯ ಮುಚ್ಚಿ ಹರಿವನ್ನು ಮತ್ತೆ ಜೋಡಿಸಿಬಿಡುತ್ತದೆ. ಒಡ್ಡೇ ಇಲ್ಲದ ಮೇಲೆ ಬೇರೆಲ್ಲಿಂದ ಬರಬೇಕು?

ಮೇಲಂಚಿಗೆ ಬೇರುಪುಡಿ ಸವರಿ. ನೆನೆಸಿ ಹಿಂಡಿದ ಸ್ಫ್ಯಾಗ್ನಂ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮುಷ್ಟಿಯಷ್ಟು ಸುತ್ತಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಇಷ್ಟೆಲ್ಲ ಸುಲಿದರೂ ಮೇಲಿನ ಎಲೆಗಳು ಬಾಡುವುದಿಲ್ಲ. ನೀರು ಮೇಲೇರುವ ಕೊಳವೆಗಳು ಒಳಗಿನ ಕಟ್ಟಿಗೆಯಲ್ಲಿವೆ, ಅವನ್ನು ನಾವು ಮುಟ್ಟಿಲ್ಲ. ಬುಡದ ಬೇರು ನೀರು ಕಳಿಸುತ್ತಲೇ ಇರುತ್ತದೆ. ಎಲೆಯ ಸಕ್ಕರೆ ಮತ್ತು ಬೆಳೆಚೋದಕ ಮೇಲಂಚಿನಲ್ಲಿ ತುಂಬುತ್ತಲೇ ಇರುತ್ತವೆ. ಒಂದರಿಂದ ಎರಡು ತಿಂಗಳಲ್ಲಿ ಹಾಳೆಯೊಳಗೆ ಬೇರು ಹೆಣೆದುಕೊಂಡದ್ದು ಕಾಣುತ್ತದೆ. ರಬ್ಬರ್ ಗಿಡ ಬೇಗ, ಫಿಡಲ್ ಲೀಫ್ ನಿಧಾನ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಎರಡೂ ನಿಧಾನ. ಮಳೆಗಾಲದ ಬೆಚ್ಚನೆಯ ತೇವ ಎಲ್ಲಕ್ಕಿಂತ ಒಳ್ಳೆಯದು. ಉಂಡೆಯ ಕೆಳಗೆ ಕತ್ತರಿಸಿ, ಪಾಚಿಯನ್ನು ಬಿಡಿಸಹೋಗದೆ ಹಾಗೆಯೇ ಕುಂಡಕ್ಕಿಡಿ.

ಕಡ್ಡಿ ಕತ್ತರಿಸಿ ನೆಡುವವರಿಗೆ ಈ ನೀರಿನ ಅನುಕೂಲ ಇಲ್ಲ. ಬೇರು ಬರುವವರೆಗೆ ಕಡ್ಡಿ ಕುಡಿಯುವುದು ಅಲ್ಪ, ಎಲೆಗಳಿಂದ ಆವಿಯಾಗುವುದು ಹೆಚ್ಚು. ಅದಕ್ಕೇ ದೊಡ್ಡ ಎಲೆಗಳನ್ನು ಅರ್ಧ ಕತ್ತರಿಸುತ್ತಾರೆ. ರಬ್ಬರ್ ಗಿಡದ ಎಲೆಯನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದೂ ಉಂಟು. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಟ್ಟರೆ ಆವಿ ಒಳಗೇ ಉಳಿಯುತ್ತದೆ. ಎಲ್ಲ ಎಲೆ ಕಿತ್ತುಹಾಕುವುದು ಮಾತ್ರ ಬೇಡ. ತೋಳು ದಪ್ಪದ ಆಲದ ಗೂಟದಲ್ಲಿ ಕೂಡಿಟ್ಟ ಪಿಷ್ಟ ಸಾಕಷ್ಟಿರುತ್ತದೆ, ಅದರ ಕಣ್ಣುಗಳು ಒಡೆದು ಬಂದ ಚಿಗುರು ಬೆಳೆಚೋದಕ ಇಳಿಸುತ್ತದೆ. ಬೆರಳು ದಪ್ಪದ ಕಡ್ಡಿಗೆ ಆ ಉಳಿತಾಯವಿಲ್ಲ.

ಕಣ್ಣಿಲ್ಲದ ಎಲೆ

ಒಂಟಿ ಎಲೆಯ ತೊಟ್ಟಿಗೆ ಬೇರು ಬಂದದ್ದರಲ್ಲಿ ಈಗ ಆಶ್ಚರ್ಯವಿಲ್ಲ. ಎಲೆ ಜೀವಂತವಿದೆ, ಸಕ್ಕರೆ ಮಾಡುತ್ತದೆ, ಬೆಳೆಚೋದಕ ಇಳಿಸುತ್ತದೆ. ಅದು ತೊಟ್ಟಿನ ತುದಿಯಲ್ಲಿ ತುಂಬಿ ಬೇರಾಯಿತು. ಕುಡಿಗೆ ಬೇಕಾದ ಲೆಕ್ಕವೇ ಬೇರೆ. 1957ರಲ್ಲಿ ಫೋಕ್ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ ತಂಬಾಕಿನ ಕಾಂಡದ ತಿರುಳನ್ನು ಗಾಜಿನ ಸೀಸೆಯಲ್ಲಿ ಬೆಳೆಸಿ ಅದನ್ನು ತೋರಿಸಿದರು. ಬೆಳೆಚೋದಕ ಹೆಚ್ಚಿದ್ದು, ಸೈಟೊಕೈನಿನ್ ಎಂಬ ಇನ್ನೊಂದು ಚೋದಕ ಕಡಿಮೆಯಿದ್ದರೆ ಬೇರು. ಪ್ರಮಾಣ ತಿರುಗಿಸಿದರೆ ಚಿಗುರು. ಎರಡೂ ಸಮನಾಗಿದ್ದರೆ ಆಕಾರವಿಲ್ಲದ ಗಂಟು. ಬ್ರಯೋಫಿಲಂನಂಥ ಗಿಡಗಳ ಎಲೆಯಂಚಿನಲ್ಲೇ ಮರಿ ಹುಟ್ಟುತ್ತದೆ. ಫೈಕಸ್ ಎಲೆಗೆ ಅದು ತಾನಾಗಿ ಸಾಧ್ಯವಿಲ್ಲ. ಬೆಳೆಚೋದಕವೇ ತುಂಬಿ ತುಳುಕುತ್ತಿರುವ ತೊಟ್ಟಿನ ತುದಿಯಲ್ಲಿ ಚಿಗುರಿಗೆ ಅವಕಾಶವೇ ಇಲ್ಲ. ಪ್ರಯೋಗಾಲಯದ ಅಂಗಾಂಶ ಕೃಷಿಯಲ್ಲಿ ಚೋದಕಗಳನ್ನು ಅಳೆದು ಕೊಟ್ಟು ಚಿಗುರು ಬರಿಸುತ್ತಾರೆ. ಮಾರುಕಟ್ಟೆಗೆ ಬರುವ ಫಿಡಲ್ ಲೀಫ್‌ಗಳಲ್ಲಿ ಹಲವು ಆ ಸೀಸೆಗಳಲ್ಲಿ ಹುಟ್ಟಿದವೇ.

ಮನೆಯಲ್ಲಿ ಮಾಡಬಹುದಾದ ಉಪಾಯ ಸರಳ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಒಂದು ಕಣ್ಣು ಇರುತ್ತದೆ. ಕಬ್ಬು ನೆಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಣ್ಣಿಲ್ಲದ ತುಂಡನ್ನು ಅವರು ಹೊಲಕ್ಕೆ ಒಯ್ಯುವುದಿಲ್ಲ. ಆ ಕಣ್ಣು ಈಗಾಗಲೇ ತಯಾರಾದ ಪುಟ್ಟ ಕುಡಿ, ಅದನ್ನು ಹೊಸದಾಗಿ ಸೃಷ್ಟಿಸುವ ಕೆಲಸ ಇಲ್ಲ. ಎಲೆಯ ಜತೆ ಎರಡು ಮೂರು ಸೆಂಟಿಮೀಟರ್ ಕಾಂಡವನ್ನೂ ಗಿಣ್ಣು ಸಮೇತ ತೆಗೆದುಕೊಂಡರೆ ಒಂದೇ ಎಲೆಯಿಂದ ಗಿಡವಾಗುತ್ತದೆ. ನರ್ಸರಿಯವರು ಒಂದು ಉದ್ದ ಕೊಂಬೆಯನ್ನು ಗಿಣ್ಣಿಗೊಂದರಂತೆ ತುಂಡರಿಸಿ ಹತ್ತಾರು ರಬ್ಬರ್ ಗಿಡ ಮಾಡುವುದು ಹೀಗೆಯೇ. ಬಿಳಿ ಅಂಚಿನ ಟಿನೆಕೆಯಂಥ ತಳಿಗಳಿಗೂ ಇದೇ ದಾರಿ. ಬಿಳಿ ಮತ್ತು ಹಸಿರು ಕಣಗಳ ಪದರ ಕಣ್ಣಿನಲ್ಲಿ ಕ್ರಮ ಕೆಡದೆ ಉಳಿದಿರುತ್ತದೆ. ಪೂರ್ತಿ ಬಿಳಿಯಾದ ಚಿಗುರು ಚೆಂದವೆಂದು ಆರಿಸಬೇಡಿ, ಅದಕ್ಕೆ ಅನ್ನ ಮಾಡಿಕೊಳ್ಳಲು ಹಸಿರಿಲ್ಲ.

ಉದುರುವ ಎಲೆ, ಒಡೆಯುವ ಕಣ್ಣು

ಬೆಂಜಮಿನಾ ಕೊಂಡವರ ದೂರು ಒಂದೇ: ತಂದ ಹದಿನೈದು ದಿನಕ್ಕೆ ಎಲೆಯೆಲ್ಲ ಉದುರಿತು. ಇಲ್ಲೂ ಬೆಳೆಚೋದಕದ ಕೈವಾಡವಿದೆ. ಎಲೆ ಚೆನ್ನಾಗಿ ಕೆಲಸ ಮಾಡುವವರೆಗೆ ತೊಟ್ಟಿನ ಮೂಲಕ ಬೆಳೆಚೋದಕ ಇಳಿಯುತ್ತಿರುತ್ತದೆ. ತೊಟ್ಟಿನ ಬುಡದ ಕಳಚುಪದರ ಸುಮ್ಮನಿರುತ್ತದೆ. ಬಯಲಿನ ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಕಿಟಕಿಯಿಂದ ದೂರದ ಮೂಲೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ಆ ಅಂತರ ತಿಳಿಯುವುದಿಲ್ಲ. ಬಿಸಿಲಿಗೆ ತಯಾರಾದ ದಪ್ಪ ಎಲೆ ಅಲ್ಲಿ ಗಳಿಸುವುದಕ್ಕಿಂತ ಖರ್ಚು ಹೆಚ್ಚು. ಹರಿವು ಕುಗ್ಗುತ್ತದೆ, ಎಥಿಲೀನ್ ಎಂಬ ಅನಿಲದ ಮಾತಿಗೆ ಕಳಚುಪದರ ಮಣಿಯುತ್ತದೆ, ಎಲೆ ಬೀಳುತ್ತದೆ. ಗಾಬರಿಯಿಂದ ನೀರು ಸುರಿಯುವುದು ಇದಕ್ಕೆ ಮದ್ದಲ್ಲ. ಎಲೆಯಿಲ್ಲದ ಗಿಡ ನೀರೆತ್ತುವುದಿಲ್ಲ, ಬೇರು ಕೊಳೆಯುತ್ತದೆ. ಕಿಟಕಿಯ ಪಕ್ಕ ಒಂದೇ ಜಾಗದಲ್ಲಿ ಬಿಟ್ಟರೆ ಮಂದ ಬೆಳಕಿಗೆ ಹೊಂದುವ ತೆಳ್ಳನೆಯ ಹೊಸ ಎಲೆ ಬರುತ್ತದೆ. ಕೊಳ್ಳುವಾಗಲೇ ನರ್ಸರಿಯ ನೆರಳುಬಲೆಯ ಕೆಳಗೆ ಇದ್ದ ಗಿಡ ಆರಿಸುವುದು ಮೇಲು.

ಗೂಟಿ ಕತ್ತರಿಸಿಕೊಂಡ ಮೇಲೆ ಮೋಟಾಗಿ ನಿಂತ ತಾಯಿಗಿಡವನ್ನು ಎಸೆಯುವವರಿದ್ದಾರೆ. ಕುಡಿ ಇದ್ದಷ್ಟು ದಿನ ಅಲ್ಲಿಂದ ಇಳಿಯುವ ಬೆಳೆಚೋದಕ ಕೆಳಗಿನ ಕಣ್ಣುಗಳನ್ನು ಏಳಗೊಡುವುದಿಲ್ಲ. ಸಕ್ಕರೆಯನ್ನೆಲ್ಲ ಕುಡಿಯೇ ಸೆಳೆದುಕೊಳ್ಳುವುದೂ ಇದಕ್ಕೆ ಕಾರಣವೆಂದು ಈಚಿನ ಪ್ರಯೋಗಗಳು ತೋರಿಸಿವೆ. ಕುಡಿಯ ಈ ಯಜಮಾನಿಕೆ ಹೋದ ಕೂಡಲೇ ಕಡಿತದ ಕೆಳಗಿನ ಒಂದೆರಡು ಕಣ್ಣುಗಳು ಉಬ್ಬಿ ಕೆಲವು ವಾರಗಳಲ್ಲಿ ಒಡೆಯುತ್ತವೆ. ಮೊದಲು ಚಿಗುರಿದ ಕಣ್ಣು ತಾನೇ ಯಜಮಾನನಾಗಿ ಉಳಿದವನ್ನು ತಡೆಯಲು ಹೊರಡುತ್ತದೆ. ಪೊದೆಯಂಥ ಗಿಡ ಬೇಕಿದ್ದರೆ ಆ ಚಿಗುರಿಗೆ ಮೂರ್ನಾಲ್ಕು ಎಲೆ ಬಂದ ಮೇಲೆ ಅದರ ತುದಿಯನ್ನೂ ಚಿವುಟಬೇಕು.